ಎರಡು ಊರುಗಳ ಫೈನಲ್: ಏಷ್ಯಾದ ಕಪ್ ಪಂದ್ಯಗಳಲ್ಲಿ ಬೆಂಗಳೂರು, 2016–2018

ಕರ್ನಾಟಕದ ಫುಟ್‌ಬಾಲ್ ಚರಿತ್ರೆಯನ್ನು ಯಾರೇ ಬರೆಯಲಿ, 2016ರ ನವೆಂಬರ್ 5ನ್ನು ಬಿಡಲಾರರು. ಅಂದು ದೋಹಾದಲ್ಲಿ ಬೆಂಗಳೂರು ಎಫ್‌ಸಿ ತಂಡ ಎಎಫ್‌ಸಿ ಕಪ್ ಫೈನಲ್ ಆಡಿ, ಇರಾಕಿನ ಏರ್ ಫೋರ್ಸ್ ಕ್ಲಬ್ಬಿಗೆ 0–1ರಿಂದ ಮಣಿಯಿತು. ಆ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಅದು. ಮರುವರ್ಷ ಅದೇ ತಂಡ ಇನ್ನೊಂದು ಫೈನಲ್ ಆಡಿತು. ಒಂದು ಪಂದ್ಯ ತಜಿಕಿಸ್ತಾನದ ದುಶಾಂಬೆಯಲ್ಲಿ, ಇನ್ನೊಂದು ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ. ಅಂತರ್‌ವಲಯ ಫೈನಲ್ ಎಂಬ ಹೆಸರಿನ ಆ ಜೋಡಿ ಪಂದ್ಯಕ್ಕೆ ನೆನಪಿನಲ್ಲಿ ತಕ್ಕ ಜಾಗ ಸಿಕ್ಕಿಲ್ಲ. ಕರ್ನಾಟಕದ ಕ್ಲಬ್ಬೊಂದು ಎರಡು ಲೆಗ್‌ಗಳಲ್ಲಿ ಆಡಿದ ಖಂಡಮಟ್ಟದ ಫೈನಲ್ ಅದೊಂದೇ. ದೋಹಾದ ಪಂದ್ಯದ ಪಕ್ಕದಲ್ಲೇ ಅದನ್ನೂ ಇಟ್ಟು ಓದಬೇಕು ಎಂಬುದು ಈ ಲೇಖನದ ವಾದ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಜಾತ್ರೆಗಳ ಕಬಡ್ಡಿ ಪಂದ್ಯಾವಳಿ ಬಲ್ಲವರಿಗೆ ಫೈನಲ್ ಎಂದರೆ ಒಂದೇ ಅಂಕಣ, ಒಂದೇ ಆಟ. ಸೋತವರು ಅಲ್ಲಿಂದಲೇ ಗಂಟುಮೂಟೆ ಕಟ್ಟುತ್ತಾರೆ. ಯುರೋಪಿನ ಕ್ಲಬ್ ಫುಟ್‌ಬಾಲ್ ಬೇರೊಂದು ಕ್ರಮ ಕಂಡುಕೊಂಡಿತು. ಎರಡೂ ತಂಡಗಳು ತಮ್ಮ ತಮ್ಮ ಊರಿನಲ್ಲಿ ಒಂದೊಂದು ಪಂದ್ಯ ಆಡುತ್ತವೆ, ಗೋಲುಗಳನ್ನು ಕೂಡಿಸಿ ಗೆದ್ದವರನ್ನು ನಿರ್ಧರಿಸುತ್ತಾರೆ. ವ್ಯಾಪಾರ ಮೇಳ ನಡೆಸುವ ನಗರಗಳಿಗಾಗಿ 1955ರಲ್ಲಿ ಆರಂಭವಾದ ಫೇರ್ಸ್ ಕಪ್‌ನ ಮೊದಲ ಫೈನಲ್ ನಡೆದದ್ದು 1958ರಲ್ಲಿ. ಲಂಡನ್ನಿನಲ್ಲಿ 2–2ರಿಂದ ಸಮ ಮಾಡಿಕೊಂಡ ಬಾರ್ಸಿಲೋನಾ ತನ್ನೂರಿನಲ್ಲಿ 6–0ಯಿಂದ ಗೆದ್ದಿತು. ಕಪ್ ವಿನ್ನರ್ಸ್ ಕಪ್‌ನಲ್ಲಿ ಇಂಥ ಫೈನಲ್ ನಡೆದದ್ದು ಒಮ್ಮೆ ಮಾತ್ರ, 1961ರಲ್ಲಿ. ಫಿಯೊರೆಂಟಿನಾ ಗ್ಲಾಸ್ಗೋದಲ್ಲಿ ರೇಂಜರ್ಸ್ ತಂಡವನ್ನು 2–0ಯಿಂದಲೂ ಫ್ಲಾರೆನ್ಸ್‌ನಲ್ಲಿ 2–1ರಿಂದಲೂ ಸೋಲಿಸಿತು. ಯುಇಎಫ್‌ಎ ಕಪ್ ಮಾತ್ರ 1972ರಿಂದ 1997ರವರೆಗೆ ಈ ಕ್ರಮವನ್ನು ಬಿಡದೆ ಪಾಲಿಸಿತು. 1988ರ ಫೈನಲ್ ಈ ಪದ್ಧತಿಯ ಪೂರ್ಣ ರೂಪ ಎನ್ನುತ್ತೇನೆ. ಎಸ್ಪಾನ್ಯೋಲ್ ತವರಿನಲ್ಲಿ 3–0, ಲೆವರ್ಕುಸನ್ ತನ್ನ ತವರಿನಲ್ಲಿ ಮತ್ತೆ 3–0. ಕೊನೆಗೆ ಪೆನಾಲ್ಟಿಯಲ್ಲಿ ಲೆವರ್ಕುಸನ್‌ಗೆ ಕಪ್. ಎರಡು ಊರುಗಳೂ ಒಂದೊಂದು ರಾತ್ರಿ ಗೆದ್ದವು, ಒಂದಕ್ಕೆ ಮಾತ್ರ ಫಲ ಸಿಕ್ಕಿತು.

ಏಷ್ಯಾ ಈ ಪದ್ಧತಿಯನ್ನು ತನ್ನದಾಗಿಸಿಕೊಂಡಿತು. 2004ರಲ್ಲಿ ಶುರುವಾದ ಎಎಫ್‌ಸಿ ಕಪ್‌ನ ಮೊದಲ ಐದು ಫೈನಲ್‌ಗಳು ಎರಡು ಲೆಗ್‌ಗಳವು. ಮೊದಲನೆಯದರಲ್ಲೇ ಸಿರಿಯಾದ ಅಲ್ ಜೈಶ್ ಮತ್ತು ಅಲ್ ವಹ್ದಾ ಒಟ್ಟಾರೆ 3–3ರಿಂದ ಸಮನಾದವು. ತವರಿನಾಚೆ ಹೆಚ್ಚು ಗೋಲು ಹೊಡೆದ ಅಲ್ ಜೈಶ್‌ಗೆ ಕಪ್ ಸಿಕ್ಕಿತು. 2009ರಿಂದ ಫೈನಲ್ ಒಂದೇ ಪಂದ್ಯವಾಯಿತು. ಆದರೆ ಕ್ವಾರ್ಟರ್ ಫೈನಲ್, ಸೆಮಿಫೈನಲ್‌ಗಳಲ್ಲಿ ಹಳೆಯ ಕ್ರಮ ಉಳಿಯಿತು. ಬೆಂಗಳೂರು ಅಡಿಯಿಟ್ಟದ್ದು ಈ ವ್ಯವಸ್ಥೆಯೊಳಕ್ಕೆ.

ಬೆಂಗಳೂರಿನ ಹಿಂದಿನ ಕೀರ್ತಿ ಬೇರೆ ಬಗೆಯದು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ನಾಗರಿಕ ತಂಡವಾಯಿತು, ಮರುವರ್ಷವೂ ಗೆದ್ದಿತು. ಆ ಎರಡೂ ಗೆಲುವು ಬೊಂಬಾಯಿಯಲ್ಲಿ. ಗೆದ್ದವರ ಊರಿನ ಜನ ಆ ಆಟವನ್ನು ಕಣ್ಣಾರೆ ಕಾಣಲಿಲ್ಲ. ಸಂತೋಷ್ ಟ್ರೋಫಿಯಲ್ಲಿ ಮೈಸೂರು ರಾಜ್ಯ ನಾಲ್ಕು ಬಾರಿ ಗೆದ್ದದ್ದೂ ದೊಡ್ಡ ಸಾಧನೆಯೇ, ಆದರೆ ಅದು ರಾಜ್ಯಗಳ ನಡುವಿನ ಕಣ. ಪರದೇಶದ ಕ್ಲಬ್ಬೊಂದನ್ನು ಅದರ ಊರಿಗೇ ಹೋಗಿ ಎದುರಿಸಿ, ಕೆಲವೇ ವಾರಗಳಲ್ಲಿ ನಮ್ಮ ಊರಿಗೆ ಕರೆತಂದು ಲೆಕ್ಕ ಚುಕ್ತಾ ಮಾಡುವ ಅನುಭವವನ್ನು ಬೆಂಗಳೂರಿಗೆ ಕೊಟ್ಟದ್ದು 2013ರಲ್ಲಿ ಹುಟ್ಟಿದ ಈ ಕ್ಲಬ್.

2016ರಲ್ಲಿ ಬಾರ್ಸಿಲೋನಾದ ಮಾಜಿ ಸಹಾಯಕ ಕೋಚ್ ಆಲ್ಬರ್ಟ್ ರೋಕಾ ತಂಡದ ಹೊಣೆ ಹೊತ್ತರು. ಕ್ವಾರ್ಟರ್ ಫೈನಲ್‌ನಲ್ಲಿ ಸಿಂಗಪುರದ ಟ್ಯಾಂಪಿನೀಸ್ ರೋವರ್ಸ್ ಎದುರು ಕಂಠೀರವದಲ್ಲಿ 1–0, ಅಲ್ಲಿ 0–0. ಸೆಮಿಫೈನಲ್‌ನಲ್ಲಿ ಎದುರಾದದ್ದು ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್. ಗುಂಪು ಹಂತದಲ್ಲಿ ಅದು ಬೆಂಗಳೂರನ್ನು ಎರಡೂ ಬಾರಿ ಸೋಲಿಸಿತ್ತು. ಸೆಪ್ಟೆಂಬರ್ 28ರಂದು ಜೊಹೊರ್‌ನಲ್ಲಿ ಪಂದ್ಯ 1–1. ಬೆಂಗಳೂರಿನ ಗೋಲು ಯುಜೆನ್ಸನ್ ಲಿಂಗ್ಡೊ ಅವರದು. ಅಕ್ಟೋಬರ್ 19ರಂದು ಕಂಠೀರವದಲ್ಲಿ ಮೊದಲ ಗೋಲು ಬಂದದ್ದೂ ಜೊಹೊರ್‌ನಿಂದಲೇ, ಸಫೀಕ್ ರಹೀಂ ಅವರ ಕಾಲಿನಿಂದ. ಈಗ ಎರಡೂ ತಂಡಗಳ ಬಳಿ ತವರಿನಾಚೆಯ ಒಂದೊಂದು ಗೋಲು, ಒಟ್ಟಾರೆ ಲೆಕ್ಕದಲ್ಲಿ ಬೆಂಗಳೂರು 1–2ರ ಹಿನ್ನಡೆಯಲ್ಲಿ. ಸುನಿಲ್ ಛೆಟ್ರಿ ವಿರಾಮಕ್ಕೆ ಮುನ್ನ ಒಂದು, ಆಮೇಲೆ ಇನ್ನೊಂದು ಗೋಲು ಹೊಡೆದರು. ಹುವಾನಾನ್ ಮೂರನೆಯದನ್ನು ಸೇರಿಸಿದರು. ಪಂದ್ಯ 3–1, ಒಟ್ಟಾರೆ 4–2. ಬೆಂಗಳೂರಿನ ನೆಲದಲ್ಲಿ ಕ್ಲಬ್ಬೊಂದು ಆಡಿದ ಅತ್ಯುತ್ತಮ ಪಂದ್ಯ ಇದೇ ಎಂದು ನಾನು ಹಿಂಜರಿಕೆಯಿಲ್ಲದೆ ಹೇಳುತ್ತೇನೆ. ಈ ಗೆಲುವಿಗೆ ತೆತ್ತ ಬೆಲೆಯೂ ಉಂಟು. ಹಳದಿ ಕಾರ್ಡುಗಳ ಲೆಕ್ಕದಲ್ಲಿ ಗೋಲ್‌ಕೀಪರ್ ಅಮರಿಂದರ್ ಸಿಂಗ್ ದೋಹಾದ ಫೈನಲ್‌ನಿಂದ ಹೊರಗುಳಿಯಬೇಕಾಯಿತು.

2017ರಲ್ಲಿ ಟೂರ್ನಿಯ ರಚನೆ ಬದಲಾಯಿತು. ಪಶ್ಚಿಮ ಏಷ್ಯಾದ ವಿಜೇತರು ನೇರವಾಗಿ ಫೈನಲ್‌ಗೆ. ಉಳಿದ ನಾಲ್ಕು ವಲಯಗಳ ವಿಜೇತರಿಗೆ ಅಂತರ್‌ವಲಯ ಸೆಮಿಫೈನಲ್, ಅನಂತರ ಅಂತರ್‌ವಲಯ ಫೈನಲ್, ಎಲ್ಲವೂ ಎರಡು ಲೆಗ್‌ಗಳಲ್ಲಿ. ಮೋಹನ್ ಬಾಗಾನ್, ಢಾಕಾದ ಅಬಾಹನಿ, ಮಾಲ್ಡೀವ್ಸ್‌ನ ಮಾಜಿಯಾ ತಂಡಗಳನ್ನು ಹಿಂದಿಕ್ಕಿ ದಕ್ಷಿಣ ಏಷ್ಯಾ ವಲಯ ಗೆದ್ದ ಬೆಂಗಳೂರು, ಅಂತರ್‌ವಲಯ ಸೆಮಿಫೈನಲ್‌ನಲ್ಲಿ ಉತ್ತರ ಕೊರಿಯಾದ 4.25 ತಂಡವನ್ನು ಕಂಠೀರವದಲ್ಲಿ 3–0ಯಿಂದ ಮಣಿಸಿತು. ಪ್ಯೊಂಗ್ಯಾಂಗ್‌ನಲ್ಲಿ 0–0ಯಿಂದ ತಡೆದು ನಿಲ್ಲಿಸಿತು. ಅಂತರ್‌ವಲಯ ಫೈನಲ್‌ನ ಮೊದಲ ಲೆಗ್‌ನಲ್ಲಿ, ಸೆಪ್ಟೆಂಬರ್ 27ರಂದು ದುಶಾಂಬೆಯಲ್ಲಿ, ತಜಿಕಿಸ್ತಾನದ ಇಸ್ತಿಕ್ಲೋಲ್ ತಂಡ 1–0ಯಿಂದ ಗೆದ್ದಿತು. ಕೇಳಲು ಸಣ್ಣ ಅಂತರ. ಆದರೆ ಲೆಕ್ಕ ಕಠಿಣ. ಹೊರಗೆ ಗೋಲು ಹೊಡೆಯದ ಬೆಂಗಳೂರಿಗೆ, ಕಂಠೀರವದಲ್ಲಿ ಇಸ್ತಿಕ್ಲೋಲ್ ಒಂದು ಗೋಲು ಹೊಡೆದರೆ ಮೂರು ಬೇಕು, ಎರಡು ಹೊಡೆದರೆ ನಾಲ್ಕು. ಅಕ್ಟೋಬರ್ 18ರ ಪಂದ್ಯ 2–2ರಿಂದ ಮುಗಿಯಿತು. ಒಟ್ಟಾರೆ 3–2ರಿಂದ ಮುಂದೆ ಹೋದ ಇಸ್ತಿಕ್ಲೋಲ್, ತನ್ನದೇ ದೇಶದ ಹಿಸೋರ್‌ನಲ್ಲಿ ನಡೆದ ಮುಖ್ಯ ಫೈನಲ್‌ನಲ್ಲಿ ಅದೇ ಏರ್ ಫೋರ್ಸ್ ಕ್ಲಬ್ಬಿಗೆ 0–1ರಿಂದ ಸೋತಿತು. ಒಂದು ಗೋಲಿನ ಅಂತರದಲ್ಲಿ ಬೆಂಗಳೂರು ಸತತ ಎರಡನೇ ಫೈನಲ್ ಆಡುವ ಅವಕಾಶ ಕಳೆದುಕೊಂಡಿತು ಎಂದಷ್ಟೇ ಬರೆದರೆ ಸಾಲದು. ಅದು ಸೋತದ್ದೂ ಒಂದು ಫೈನಲ್ಲನ್ನೇ. ಆ ಸುತ್ತಿನ ಹೆಸರಲ್ಲೇ ಆ ಮಾತಿದೆ.

2018ರಲ್ಲಿ ಕಾರ್ಲೆಸ್ ಕ್ವಾಡ್ರಾಟ್ ಕೋಚ್ ಆಗಿದ್ದಾಗ ಅಂತರ್‌ವಲಯ ಸೆಮಿಫೈನಲ್‌ನಲ್ಲಿ ತುರ್ಕ್‌ಮೆನಿಸ್ತಾನದ ಅಲ್ತಿನ್ ಅಸಿರ್ ಬೆಂಗಳೂರಿನಲ್ಲಿ 3–2ರಿಂದಲೂ ತನ್ನ ತವರಿನಲ್ಲಿ 2–0ಯಿಂದಲೂ ಗೆದ್ದಿತು.

ಮೂರು ವರ್ಷಗಳ ಈ ಐದು ಜೋಡಿ ಪಂದ್ಯಗಳನ್ನು ಒಟ್ಟಿಗಿಟ್ಟು ನೋಡಿದಾಗ ಒಂದು ವಿನ್ಯಾಸ ತೋರುತ್ತದೆ. ಐದು ಹೊರ ಪಂದ್ಯಗಳಲ್ಲಿ ಬೆಂಗಳೂರು ಹೊಡೆದದ್ದು ಒಂದೇ ಗೋಲು, ಜೊಹೊರ್‌ನಲ್ಲಿ ಲಿಂಗ್ಡೊ ಹೊಡೆದದ್ದು. ಉಳಿದ ಹನ್ನೊಂದು ಕಂಠೀರವದವು. ತವರಿನಲ್ಲಿ ಬಿಟ್ಟುಕೊಟ್ಟ ಗೋಲುಗಳು ಕ್ರಮವಾಗಿ 0, 1, 0, 2, 3. ಒಟ್ಟಾರೆ ಲೆಕ್ಕದಲ್ಲಿ ಮೊದಲ ಮೂರು ಜೋಡಿಗಳಲ್ಲಿ ಗೆಲುವು, ಕೊನೆಯ ಎರಡರಲ್ಲಿ ಸೋಲು. ಹೊರಗೆ ಗೋಲು ಕಾಯುವುದು, ತವರಿನಲ್ಲಿ ಹೊಡೆಯುವುದು, ಇದು ಆ ತಂಡದ ದಾರಿಯಾಗಿತ್ತು. ದುಶಾಂಬೆಯಿಂದ ಒಂದೇ ಗೋಲಿನ ಸೋಲು ಹೊತ್ತು ಬಂದವರ ದಾರಿ ಮುಚ್ಚಿದ್ದು ಕಂಠೀರವದಲ್ಲಿ. ದುಶಾಂಬೆಯ ಸೋಲನ್ನು ಮಾತ್ರ ದೂರುವುದು ಅರ್ಧ ಸತ್ಯ.

ತವರಿನಾಚೆಯ ಗೋಲಿಗೆ ಹೆಚ್ಚು ಬೆಲೆ ಕೊಡುವ ನಿಯಮವನ್ನು ಯುರೋಪು 2021ರಲ್ಲಿ, ಏಷ್ಯಾ 2023–24ರ ಋತುವಿನಿಂದ ಕೈಬಿಟ್ಟವು. ಎಎಫ್‌ಸಿ ಕಪ್ ಕೂಡ ಆ ಋತುವಿಗೇ ಕೊನೆಗೊಂಡಿತು. ಆ ನಿಯಮ ಇಲ್ಲದಿದ್ದರೂ 2017ರ ಫಲ ಬದಲಾಗುತ್ತಿರಲಿಲ್ಲ, 3–2 ಹಾಗೆಯೇ ಉಳಿಯುತ್ತಿತ್ತು; ಬದಲಾಗುತ್ತಿದ್ದುದು ಕೊನೆಯ ನಿಮಿಷಗಳ ಆಟ. ಆಗ ಇನ್ನೊಂದು ಗೋಲು ಬಂದಿದ್ದರೆ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗುತ್ತಿತ್ತು. ಅಂದಿನ ನಿಯಮದಲ್ಲಿ ಎರಡು ಬೇಕಿದ್ದವು.

ಎರಡು ಲೆಗ್‌ಗಳ ಸೆಮಿಫೈನಲ್ ಇಂಡಿಯನ್ ಸೂಪರ್ ಲೀಗ್‌ನಲ್ಲೂ ಬೆಂಗಳೂರಿನ ಪಾಲಿಗೆ ಬಂತು. 2019ರಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ಎದುರು ಹೊರಗೆ 1–2ರಿಂದ ಸೋತು, ಕಂಠೀರವದಲ್ಲಿ 3–0ಯಿಂದ ಗೆದ್ದ ತಂಡ ಮುಂದೆ ಪ್ರಶಸ್ತಿಯನ್ನೂ ಗೆದ್ದಿತು. 2020ರಲ್ಲಿ ಈ ವಿನ್ಯಾಸ ಮುರಿಯಿತು: ತವರಿನಲ್ಲಿ ಗೋಲು ಬಿಡದೆ 1–0ಯಿಂದ ಗೆದ್ದರೂ ಕೊಲ್ಕತ್ತದಲ್ಲಿ ಎಟಿಕೆ 3–1ರಿಂದ ತಿರುಗಿಸಿತು. 2025ರ ಏಪ್ರಿಲ್‌ನಲ್ಲಿ ಎಫ್‌ಸಿ ಗೋವಾ ಎದುರು ಕಂಠೀರವದಲ್ಲಿ 2–0 ಗೆದ್ದ ಬೆಂಗಳೂರು, ಗೋವಾದಲ್ಲಿ ಎರಡು ಗೋಲು ಬಿಟ್ಟು ಸಮನಾಗಿ ನಿಂತಿತ್ತು. ಇಂಜುರಿ ಟೈಮ್‌ನಲ್ಲಿ ಛೆಟ್ರಿ ತಲೆಯಿಂದ ಚೆಂಡನ್ನು ಗುರಿಗೆ ಸೇರಿಸಿದರು. ಒಟ್ಟಾರೆ 3–2ರಿಂದ ತಂಡ ಫೈನಲ್ ತಲುಪಿತು.