ಹುಲಿಮೋರೆಯ ರಾಕ್ಷಸ

ಕೂತಲ್ಲೇ ಆಡುವ ಕಥೆ

ನಾಲ್ಕೈದು ಮಂದಿ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕಥೆ ನಡೆಸುವವರು. ಉಳಿದವರು ಒಂದೊಂದು ಪಾತ್ರ ವಹಿಸಿಕೊಂಡು ಅದರ ಬಾಯಲ್ಲಿ ಮಾತಾಡುತ್ತಾರೆ. ಬೀಸಿದ ಕತ್ತಿ ತಾಗಿತೇ, ಗೋಡೆ ಹತ್ತಲಾಯಿತೇ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಗಳಿಗೆಲ್ಲ ಮೂಲ. ಇಂದಿನ ಕಂಪ್ಯೂಟರ್ ಆಟಗಳ ‘ಲೆವೆಲ್’, ‘ಹಿಟ್ ಪಾಯಿಂಟ್’ ಮುಂತಾದವು ಹರಡಿದ್ದು ಅಲ್ಲಿಂದಲೇ.

ಕರಾವಳಿಯವರಿಗೆ ಇದು ತೀರಾ ಹೊಸತೆನಿಸಬೇಕಿಲ್ಲ. ತಾಳಮದ್ದಳೆಯಲ್ಲೂ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ವಾಲಿಯಾಗಿ, ಕರ್ಣನಾಗಿ ಮಾತು ಕಟ್ಟುತ್ತಾರೆ. ದಾಳವೊಂದಿಲ್ಲ, ಅಷ್ಟೆ. ಸೋಲು ಗೆಲುವು ಪ್ರಸಂಗದಲ್ಲೇ ನಿಶ್ಚಯವಾಗಿರುತ್ತದೆ. ಈ ಹೋಲಿಕೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹುಲಿಯ ತಲೆ ಬಂದ ಬಗೆ

1977ರಲ್ಲಿ ಪ್ರಕಟವಾದ ‘ಮಾನ್‌ಸ್ಟರ್ ಮ್ಯಾನ್ಯುಅಲ್’ ಎಂಬ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕೈಪಿಡಿಯಲ್ಲಿ ಭಾರತದ ರಾಕ್ಷಸನಿಗೂ ಒಂದು ಜಾಗವಿದೆ. ಡೇವಿಡ್ ಟ್ರಾಂಪಿಯರ್ ಬರೆದ ಚಿತ್ರ ಇಂದಿಗೂ ಪ್ರಸಿದ್ಧ: ಹುಲಿಯ ತಲೆ, ಮೈಮೇಲೆ ಇಂಗ್ಲಿಷ್ ಸಾಹುಕಾರರು ಮನೆಯಲ್ಲಿ ತೊಡುವಂಥ ನಿಲುವಂಗಿ, ಕೈಯಲ್ಲಿ ಹೊಗೆಕೊಳವೆ. ಇವನು ಎದುರಾಳಿಯ ಮನಸ್ಸನ್ನು ಓದಿ, ಆತ ನಂಬುವವರ ರೂಪ ತಾಳಿ ಮೋಸ ಮಾಡುತ್ತಾನೆ. ಮಂತ್ರಿಸಿದ ಅಡ್ಡಬಿಲ್ಲಿನ ಬಾಣ ತಗುಲಿದರೆ ಸಾಯುತ್ತಾನೆ.

ವಾಲ್ಮೀಕಿಯಲ್ಲಿ ಅಡ್ಡಬಿಲ್ಲು ಎಲ್ಲಿಂದ ಬಂತು ಎಂದು ಹುಡುಕಿ ಪ್ರಯೋಜನವಿಲ್ಲ. ಅದು ಬಂದದ್ದು ಟಿವಿಯಿಂದ. ‘ಕೋಲ್‌ಚಾಕ್: ದ ನೈಟ್ ಸ್ಟಾಕರ್’ ಎಂಬ ಅಮೆರಿಕದ ಧಾರಾವಾಹಿಯ ಒಂದು ಕಂತು 1974ರ ಡಿಸೆಂಬರಿನಲ್ಲಿ ಪ್ರಸಾರವಾಯಿತು. ಅದರಲ್ಲಿ ಷಿಕಾಗೋದ ಬಡ ಮುದುಕರನ್ನು ತಿನ್ನುವ ರಾಕ್ಷಸನಿಗೆ ನಂಬಿದವರ ರೂಪ ತಾಳುವ ಶಕ್ತಿಯೂ ಇತ್ತು, ಮಂತ್ರಿಸಿದ ಬಾಣದಿಂದ ಸಾವೂ ಇತ್ತು. ಗೈಗ್ಯಾಕ್ಸ್ ಅವೆರಡನ್ನೂ ಎತ್ತಿಕೊಂಡರು. ಮುಂದಿನ ಆವೃತ್ತಿಗಳಲ್ಲಿ ಅವನ ಅಂಗೈಗಳು ಹಿಮ್ಮುಖವಾದವು, ಐದನೆಯ ಆವೃತ್ತಿಯ ಹೊತ್ತಿಗೆ ಅವನ ಮೂಲ ಮನೆ ಕ್ರೈಸ್ತ ಕಲ್ಪನೆಯನ್ನು ಹೋಲುವ ನರಕವಾಯಿತು. ಒಂದು ಟಿವಿ ಕಂತಿನ ಮೇಲೆ ಸುಮಾರು ಐದು ದಶಕಗಳ ‘ಸಂಪ್ರದಾಯ’ವೇ ನಿಂತಿದೆ. ಇಂದು ಜಗತ್ತಿನ ಎಷ್ಟೋ ಹುಡುಗರಿಗೆ ರಾಕ್ಷಸನೆಂದರೆ ಈ ಹುಲಿಮೋರೆಯವನೇ.

ಇದನ್ನು ದ್ವೇಷ ಎನ್ನಲಾಗದು. ನನಗೆ ಆ ಚಿತ್ರ ಕಂಡರೆ ಸಿಟ್ಟಿಗಿಂತ ನಗುವೇ ಹೆಚ್ಚು. ತೊಂದರೆ ಇರುವುದು ಬೇರೆಡೆ. ಈ ರಾಕ್ಷಸನಿಗೆ ಅಣ್ಣತಮ್ಮಂದಿರಿಲ್ಲ, ಊರಿಲ್ಲ, ವಾದವಿಲ್ಲ. ಕೊಲ್ಲಲು ಬೇಕಾದ ಅಂಕಿಅಂಶ ಮಾತ್ರ ಇದೆ.

ನಮ್ಮ ಕಡೆಯ ರಾಕ್ಷಸ

ತೆಂಕುತಿಟ್ಟಿನ ಯಕ್ಷಗಾನದ ಚೌಕಿಗೆ ಹೋಗಿ ಬಣ್ಣದ ವೇಷ ಸಿದ್ಧವಾಗುವುದನ್ನು ನೋಡಬೇಕು. ಅಕ್ಕಿಹಿಟ್ಟಿಗೆ ಸುಣ್ಣ ಕಲಸಿ, ಮುಖದ ಮೇಲೆ ಮುಳ್ಳುಮುಳ್ಳಾಗಿ ಚುಟ್ಟಿ ಇಡುತ್ತಾ ಹೋದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಕಲಾವಿದ ತನ್ನ ಮುಖಕ್ಕೆ ತಾನೇ ಕನ್ನಡಿ ಹಿಡಿದು ಬರೆದುಕೊಳ್ಳುತ್ತಾನೆ. ರಂಗಕ್ಕೆ ಬರುವಾಗ ದೊಂದಿಗೆ ರಾಳದ ಪುಡಿ ಎರಚುತ್ತಾರೆ, ಬೆಂಕಿ ಭಗ್ಗನೆ ಏಳುತ್ತದೆ, ತೆರೆಯ ಹಿಂದಿನಿಂದ ಆರ್ಭಟ ಕೇಳುತ್ತದೆ. ಮುಂದಿನ ಸಾಲಿನ ಮಕ್ಕಳು ಹಿಂದಕ್ಕೆ ಸರಿಯುತ್ತಾರೆ. ಹೆದರಿಕೆ ಹುಟ್ಟಿಸುವುದರಲ್ಲಿ ನಮ್ಮವರೇನೂ ಹಿಂದೆ ಬಿದ್ದವರಲ್ಲ.

ಆದರೆ ಇಂಥದೇ ರಾಕ್ಷಸನಾದ ರಾವಣ ತಾಳಮದ್ದಳೆಗೆ ಬಂದರೆ ಅವನ ಪರವಾಗಿ ಬಲವಾದ ವಾದವೊಂದು ಹುಟ್ಟಲೇಬೇಕು. ತಂಗಿಯ ಮೂಗು ಕೊಯ್ದದ್ದು ಯಾವ ಧರ್ಮ ಎಂದು ಕೇಳದೆ ಬರೀ ಅಬ್ಬರಿಸಿ ಎದ್ದುಹೋದ ಅರ್ಥಧಾರಿಯನ್ನು ಕುಂಬಳೆಯಲ್ಲೂ ಮೆಚ್ಚುವುದಿಲ್ಲ, ಪುತ್ತೂರಿನಲ್ಲೂ ಮೆಚ್ಚುವುದಿಲ್ಲ. ಕಾವ್ಯದಲ್ಲಂತೂ ಈ ದಾರಿ ಇನ್ನೂ ಹಳೆಯದು. ಅಭಿನವ ಪಂಪನೆನಿಸಿಕೊಂಡ ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದಲ್ಲಿ ಲಂಕೆಯವರು ವಿದ್ಯಾಧರ ಕುಲದವರು. ರಾವಣ ತನ್ನ ತಪ್ಪಿಗೆ ಮರುಗುತ್ತಾನೆ, ಯುದ್ಧದಲ್ಲಿ ಗೆದ್ದು ಸೀತೆಯನ್ನು ಮರಳಿಸಬೇಕೆಂದುಕೊಳ್ಳುತ್ತಾನೆ, ಲಕ್ಷ್ಮಣನ ಕೈಯಲ್ಲಿ ಸಾಯುತ್ತಾನೆ. ವಿಮರ್ಶಕರು ಅವನಲ್ಲಿ ದುರಂತ ನಾಯಕನನ್ನು ಕಂಡದ್ದು ಸುಮ್ಮನೆ ಅಲ್ಲ.

ಮೈಸೂರಿನ ಚಾಮುಂಡಿ ಬೆಟ್ಟದ ಮೇಲೆ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು ಹಿಡಿದ ಮಹಿಷಾಸುರ ನಿಂತಿದ್ದಾನೆ. ಅವನನ್ನು ದೇವಿ ಕೊಂದ ಅಸುರ ಎಂದು ಕೈಮುಗಿಯುವವರ ನಡುವೆಯೇ, ಅವನು ಈ ನಾಡಿನ ಬೌದ್ಧ ಅರಸ ಎಂದು ‘ಮಹಿಷ ದಸರಾ’ ಮಾಡುವ ದಲಿತ ಮತ್ತು ಪ್ರಗತಿಪರ ಸಂಘಟನೆಗಳೂ ಇವೆ. ಅನುಮತಿಯ ವಿಷಯಕ್ಕೆ ಆಗಾಗ ಜಟಾಪಟಿ ನಡೆದಿದೆ. ಹೊರಗಿನ ಲೇಖಕನೊಬ್ಬ ‘ಭಾರತೀಯ ಸಂಸ್ಕೃತಿಗೆ ಗೌರವ ಕೊಡುತ್ತೇನೆ’ ಎಂದರೆ ಇವರಲ್ಲಿ ಯಾರ ಮಾತನ್ನು ಕೇಳಬೇಕು? ಇಬ್ಬರ ಮಾತನ್ನೂ ಕಥೆಯೊಳಗೆ ತಂದವನೇ ಹೆಚ್ಚು ತಿಳಿದವನು ಎಂದು ನನ್ನ ಲೆಕ್ಕ.

ದೇವರಿಗೆ ಹಿಟ್ ಪಾಯಿಂಟ್

1980ರ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ಎಂಬ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕೈಪಿಡಿ ಗ್ರೀಕ್, ಚೀನೀ, ಜಪಾನೀ ದೇವತೆಗಳ ಜೊತೆಗೆ ಇಂದ್ರ, ಅಗ್ನಿ, ಕಾಳಿ, ವಿಷ್ಣು ಮುಂತಾದವರಿಗೂ ಹಿಟ್ ಪಾಯಿಂಟ್ ಲೆಕ್ಕ ಕೊಟ್ಟಿತು. ಲೆಕ್ಕ ಇದ್ದ ಮೇಲೆ ಸೋಲಿಸಲೂಬಹುದು. ಝೂಸ್‌ನನ್ನು ಇಂದು ದಿನನಿತ್ಯ ಪೂಜಿಸುವವರು ವಿರಳ. ಕಾಳಿಗೆ ನಾಳೆ ಬೆಳಿಗ್ಗೆಯೂ ಮಂಗಳಾರತಿ ಇದೆ. ಈ ವ್ಯತ್ಯಾಸ ಆ ಪುಟಗಳಲ್ಲಿ ಎಲ್ಲೂ ಕಾಣುವುದಿಲ್ಲ. 2012ರಲ್ಲಿ ‘ಸ್ಮೈಟ್’ ಎಂಬ ಆನ್‌ಲೈನ್ ಕಾಳಗದ ಆಟದ ಕಾಳಿಯ ಬಗ್ಗೆ ಅಮೆರಿಕದ ಹಿಂದೂ ಮುಖಂಡ ರಾಜನ್ ಝೆಡ್ ಆಕ್ಷೇಪ ಎತ್ತಿದರು. ಆಟಗಾರ ಗುಂಡಿ ಒತ್ತಿ ದೇವಿಯನ್ನು ಕುಣಿಸುವುದು ತಪ್ಪು ಎಂಬುದು ದೂರಿನ ಸಾರ. ಅದಕ್ಕೂ ಮೊದಲು, 2008ರಲ್ಲಿ, ಮೈಕ್ರೋಸಾಫ್ಟ್ ‘ಫಾಲ್ಔಟ್ 3’ ಆಟವನ್ನು ಸಾಂಸ್ಕೃತಿಕ ಸೂಕ್ಷ್ಮತೆಯ ಕಾರಣ ಹೇಳಿ ಭಾರತದಲ್ಲಿ ಬಿಡುಗಡೆ ಮಾಡಲಿಲ್ಲ. ಯಾವ ಸೂಕ್ಷ್ಮತೆ ಎಂದು ಕಂಪನಿ ಬಿಡಿಸಿ ಹೇಳಲಿಲ್ಲ. ಆ ಆಟದ ಎರಡು ತಲೆಯ ದನಗಳಿಗೆ ‘ಬ್ರಾಹ್ಮಿನ್’ ಎಂದು ಹೆಸರಿತ್ತು, ಎಲ್ಲರೂ ಅದನ್ನೇ ಊಹಿಸಿದರು.

ದೇವರನ್ನು ಆಟಕ್ಕೆ ತರುವುದೇ ಅಪಚಾರ ಎನ್ನುವ ವಾದವನ್ನು ಮಾತ್ರ ಮೈಸೂರಿನಲ್ಲಿ ನಿಂತು ಹೇಳುವುದು ಕಷ್ಟ. ದಶಾವತಾರ ಗಂಜೀಫದಲ್ಲಿ ಹತ್ತು ಅವತಾರಗಳಿಗೆ ತಲಾ 12ರಂತೆ 120 ಎಲೆಗಳು. ಮತ್ಸ್ಯ, ಕೂರ್ಮ, ವರಾಹರನ್ನು ಕೈಯಲ್ಲಿ ಹಿಡಿದು ಜನ ಎಲೆ ಇಳಿಸುತ್ತಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಆಟಗಳನ್ನು ತಾವೇ ರೂಪಿಸಿದವರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಆಟಗಳ ವಿವರವಿದೆ. ವೈಕುಂಠ ಏಕಾದಶಿಯ ರಾತ್ರಿ ಜಾಗರಣೆಗೆ ಪರಮಪದ ಸೋಪಾನಪಟ ಹಾಸಿ ಕೂರುವ ಮನೆಗಳು ಇನ್ನೂ ಇವೆ. ಅಲ್ಲಿ ಹಾವುಗಳಿಗೆ ದುರ್ಗುಣಗಳ, ಅಸುರರ ಹೆಸರು, ತುದಿಯಲ್ಲಿ ವೈಕುಂಠ. ಇಂಥ ಪಟಗಳೇ 19ನೇ ಶತಮಾನದ ಕೊನೆಗೆ ಇಂಗ್ಲೆಂಡಿಗೆ ಹೋಗಿ, ಮೊದಲು ಅಲ್ಲಿನ ಸದ್ಗುಣಗಳ ಪಾಠವಾಗಿ, ಆಮೇಲೆ ಬರೀ ಸಂಖ್ಯೆಗಳ ಹಾವು-ಏಣಿಯಾದವು. ವೈಕುಂಠವಿದ್ದ ಕಡೆ 100 ಬಂತು. ಅದರ ಬಗ್ಗೆ ಯಾರೂ ದೂರು ಕೊಟ್ಟಿಲ್ಲ, ಆ ಸಂಖ್ಯೆಗಳ ಪಟವನ್ನೇ ನಾವೂ ಅಂಗಡಿಯಿಂದ ತಂದು ಮಕ್ಕಳಿಗೆ ಕೊಡುತ್ತೇವೆ.

‘ಓರಿಯಂಟಲ್’ ಎಂಬ ಒಂದೇ ಚೀಲ

1985ರ ‘ಓರಿಯಂಟಲ್ ಅಡ್ವೆಂಚರ್ಸ್’ ಎಂಬ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕೈಪಿಡಿ ಹೆಸರಿಗೆ ಇಡೀ ಪೂರ್ವದೇಶದ ಪುಸ್ತಕ. ಒಳಗೆ ಸಮುರಾಯ್, ನಿಂಜಾ, ಯಾಕುಜಾ: ಬಹುಪಾಲು ಜಪಾನು, ಸ್ವಲ್ಪ ಚೀನಾ. ಆಟಗಾರನ ಮಾನಮರ್ಯಾದೆಯನ್ನು ಅಂಕದಲ್ಲಿ ಅಳೆಯುವ ನಿಯಮವೂ ಇತ್ತು, ಏಷ್ಯಾದವರಿಗೆ ಮಾತ್ರ ಮಾನದ ಚಿಂತೆ ಎಂಬಂತೆ. 2020ರಲ್ಲಿ ಕೆನಡಾದ ಆಟ ವಿನ್ಯಾಸಕ ಡೇನಿಯಲ್ ಕ್ವಾನ್ ಈ ಪುಸ್ತಕದ ಮಾರಾಟವನ್ನು ಪ್ರಶ್ನಿಸಿದರು. ಆಟದ ಹಕ್ಕು ಹೊಂದಿದ ಕಂಪನಿ ಪುಸ್ತಕವನ್ನು ಹಿಂದೆಗೆಯಲಿಲ್ಲ, ಹಳೆಯ ಪ್ರಕಟಣೆಗಳಿಗೆ ಪೂರ್ವಗ್ರಹದ ಎಚ್ಚರಿಕೆಯೊಂದನ್ನು ಅಂಟಿಸಿತು. ಹಿಂದೆಗೆಯದಿದ್ದದ್ದೇ ಒಳ್ಳೆಯದಾಯಿತು, ಹೀಗೂ ಬರೆಯುತ್ತಿದ್ದರು ಎಂಬ ದಾಖಲೆ ಬೇಕು.

ಒಂದು ನಾಡನ್ನು ಒಂದು ಸಾಲಿಗೆ ಇಳಿಸುವ ಚಾಳಿ ಪಾಶ್ಚಾತ್ಯರದ್ದು ಮಾತ್ರವೇನಲ್ಲ. ದೆಹಲಿಯ ಓಲ್ಡ್ ರಾಜಿಂದರ್ ನಗರದ ಜೆರಾಕ್ಸ್ ಅಂಗಡಿಗಳಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆಯ ‘ಕಲೆ ಮತ್ತು ಸಂಸ್ಕೃತಿ’ ನೋಟ್ಸ್ ಕಟ್ಟುಗಟ್ಟಲೆ ಸಿಗುತ್ತವೆ. ಅಲ್ಲಿ ಕಥಕ್ಕಳಿಯ ಎದುರು ಕೇರಳ, ಯಕ್ಷಗಾನದ ಎದುರು ಕರ್ನಾಟಕ. ತೆಂಕುತಿಟ್ಟಿನ ತವರಾದ ಕಾಸರಗೋಡು ಕೇರಳದಲ್ಲಿದೆ ಎಂಬುದಕ್ಕೆ ಆ ಕೋಷ್ಟಕದಲ್ಲಿ ಜಾಗವಿಲ್ಲ. ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡ ಅಭ್ಯರ್ಥಿ ಬೆಳಿಗ್ಗೆ ಪಂಪನ ಕರ್ಣನನ್ನು ಓದಿ, ಸಂಜೆ ಇದನ್ನು ಬಾಯಿಪಾಠ ಮಾಡಬೇಕು. ಪರೀಕ್ಷೆಗೆ ಸಾಕು. ಆಟದ ಕೈಪಿಡಿಗಳನ್ನು ಎಷ್ಟೋ ಕಾಲ ಇದೇ ಮಾದರಿಯ ಕೋಷ್ಟಕ ನೋಡಿ ಬರೆದರು.

ಬರೆಯುವ ಕೈ ಬದಲಾದಾಗ

1990ರ ದಶಕದ ‘ರೇವನ್‌ಲಾಫ್ಟ್’ ಎಂಬ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಭಯಾನಕ ಕಥಾಲೋಕದಲ್ಲಿ ಶ್ರೀ ರಾಜಿ ಎಂಬ ಭಾರತದಂಥ ಸೀಮೆಯಿತ್ತು: ಕಾಡು, ಕಾಳಿಯ ಪಂಥ, ಆಳಲು ಅರಿಜಾನಿ ಎಂಬ ರಾಕ್ಷಸ. 2021ರಲ್ಲಿ ಆ ಲೋಕವನ್ನು ಮತ್ತೆ ಬರೆಯುವಾಗ ಈ ಭಾಗ ಭಾರತೀಯ ಮೂಲದ ಅಜಿತ್ ಜಾರ್ಜ್ ಅವರ ಕೈಗೆ ಬಂತು. ಕರ್ನಾಟಕದ ಗಡಿಗೆ ತಾಗಿದಂತಿರುವ ಹೊಸೂರಿನ ಕಡೆ, ಬಡ ಮಕ್ಕಳಿಗಾಗಿ ನಡೆಯುತ್ತಿರುವ ಶಾಂತಿಭವನ ಶಾಲೆಯ ಆಡಳಿತದಲ್ಲಿ ದುಡಿದವರು ಅವರು. ಅವರು ಬರೆದ ಸೀಮೆಯ ಹೆಸರು ಕಲಕೇರಿ. ನಮ್ಮ ಧಾರವಾಡದ ಕಡೆಯ ಊರಿನ ಹೆಸರಿನಂತೆಯೇ ಇದೆ. ಕಾಡು ಅಲ್ಲೂ ಇದೆ. ಆದರೆ ಕಥೆ ನಿಂತಿರುವುದು ಸಿಂಹಾಸನಕ್ಕಾಗಿ ಒಡಹುಟ್ಟಿದವರೇ ಕಾದಾಡುವ ಅರಮನೆಯ ಮೇಲೆ. ಅಲ್ಲಿನ ಮಹಾರಾಣಿ ರಮ್ಯಾಳ ಕೋಪಕ್ಕೆ ಕಾರಣವಿದೆ, ಅರಿಜಾನಿಗೂ ಅವನದೇ ಲೆಕ್ಕವಿದೆ. ಹಳೆಯ ರಾಕ್ಷಸ ಇಲ್ಲಿ ಸಂಬಂಧಗಳುಳ್ಳವನಾದ. ತಾಳಮದ್ದಳೆಗೆ ಕೂರಿಸಿದರೆ ಇಬ್ಬರೂ ಒಂದಿಷ್ಟು ಹೊತ್ತು ವಾದಿಸಬಲ್ಲರು.

2022ರ ‘ಜರ್ನೀಸ್ ಥ್ರೂ ದ ರೇಡಿಯಂಟ್ ಸಿಟಡೆಲ್’ ಸಂಕಲನದ ನೇತೃತ್ವದಲ್ಲೂ ಅಜಿತ್ ಜಾರ್ಜ್ ಇದ್ದರು. 13 ಸಾಹಸಕಥೆಗಳು, ಬರೆದವರೆಲ್ಲ ಬಿಳಿಯರಲ್ಲದವರು. ಬಂಗಾಳದ ನೀರು-ಕಾಡಿನ ಛಾಯೆಯ ಕಥೆಯನ್ನು ಬರೆದ ಮಿಮಿ ಮಂಡಲ್ ಕೋಲ್ಕತ್ತದ ದಲಿತ ಲೇಖಕಿ. ಊರವರೇ ಊರ ಕಥೆ ಬರೆದರೆ ಎಲ್ಲ ಸರಿಹೋಗುತ್ತದೆ ಎಂದೇನಿಲ್ಲ, ನಮ್ಮವರೂ ನಮ್ಮನ್ನು ಚೆನ್ನಾಗಿಯೇ ತಪ್ಪು ಬರೆಯಬಲ್ಲರು. ಆದರೂ ಭಾರತವೆಂದರೆ ಅರಮನೆ, ಋಷಿ, ಆನೆ ಎಂಬ ಮೇಲ್ಜಾತಿಯ ಪಟವನ್ನು ದಾಟಲು ಇಂಥವರು ಬೇಕಾಯಿತು.

ಮೇಜಿನ ಮೇಲೆ ತುಳುನಾಡು

ಇಷ್ಟು ತಿಳಿದ ಮೇಲೆ ಬೆಂಗಳೂರಿನಲ್ಲೋ ನ್ಯೂಜೆರ್ಸಿಯಲ್ಲೋ ಕೂತು ಕರಾವಳಿಯಂಥ ಸೀಮೆಯೊಂದನ್ನು ಆಟಕ್ಕೆ ತರಲು ಹೊರಟ ಕನ್ನಡಿಗ ಎಲ್ಲಿಂದ ಶುರುಮಾಡಬೇಕು? ಹೆಚ್ಚಿನವರ ಕೈ ಮೊದಲು ಹೋಗುವುದು ದೈವಕ್ಕೆ. ‘ಕಾಂತಾರ’ ಸಿನಿಮಾ ಬಂದ ಮೇಲಂತೂ ಹೇಳುವುದೇ ಬೇಡ. ದೈವದ ವೇಷ ಹಾಕಿ ಚಿತ್ರಮಂದಿರಕ್ಕೆ ಬರಬೇಡಿ ಎಂದು ಚಿತ್ರತಂಡವೇ 2025ರಲ್ಲಿ ಪ್ರೇಕ್ಷಕರನ್ನು ಕೇಳಿಕೊಳ್ಳಬೇಕಾಯಿತು. ಪಂಜುರ್ಲಿ ದೈವಕ್ಕೆ ಹಿಟ್ ಪಾಯಿಂಟ್ ಬರೆಯುವ ಮುನ್ನ ಮೀನುಗಾರಿಕೆಯಿಂದ ಆರಂಭಿಸುವುದು ವಾಸಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬಲೆ ಹೆಣೆಯುವವರು ದಡದಲ್ಲಿದ್ದಾರೆ, ಸಾಲ ಕೊಟ್ಟವನು ಬಾಗಿಲಿಗೆ ಬಂದಿದ್ದಾನೆ, ಗುತ್ತಿನ ಮನೆಯಲ್ಲಿ ಅಳಿಯನಿಗೆ ಹೋಗುವ ಅಳಿಯಕಟ್ಟಿನ ಆಸ್ತಿಗೆ ಸೋದರಮಾವನಿಗೂ ಅಳಿಯನಿಗೂ ಮಾತು ಬಿಟ್ಟಿದೆ. ಆಟಗಾರರು ಮಳೆಯಲ್ಲಿ ತೊಯ್ದು ಬಂದು ಚಾವಡಿಯಲ್ಲಿ ಕೂತಾಗ ಅವರ ಎದುರಿಗಿರುವುದು ಇದು. ದೈವ ಆ ಊರಿನಲ್ಲಿದೆ, ಜನ ಅದರ ಹೆಸರೆತ್ತುವಾಗ ದನಿ ತಗ್ಗಿಸುತ್ತಾರೆ. ಕಥೆ ನಡೆಸುವವನ ಕಾಗದದಲ್ಲಿ ಅದಕ್ಕೆ ಅಂಕ ಬರೆಯುವ ಕೋಷ್ಟಕವೇ ಬೇಡ.