ಹಿತ್ತಲಿನ ಗುಮ್ಮಟ: ಕೋಲಾರ ಸೀಮೆಯ ಗೋಬರ್ ಗ್ಯಾಸ್ ಕಥೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಕೆಲವು ಮನೆಗಳ ಹಿತ್ತಲಲ್ಲಿ ಮಣ್ಣಿನಲ್ಲಿ ಹೂತ ಗುಮ್ಮಟ ಕಾಣುತ್ತದೆ. ಒಂದು ಮನೆಯಲ್ಲಿ ಅದರ ಗ್ಯಾಸಿನಲ್ಲೇ ಮುದ್ದೆ ಬೇಯುತ್ತದೆ. ಇನ್ನೊಂದು ಮನೆಯಲ್ಲಿ ಅದರ ಮೇಲೆ ಸೌದೆ ಒಟ್ಟಿದ್ದಾರೆ. ಈ ಗುಮ್ಮಟ ಬಂದದ್ದು ಹೇಗೆ?

1960ರ ದಶಕದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಗೋಬರ್ ಗ್ಯಾಸನ್ನು ಹಳ್ಳಿಗಳಿಗೆ ತಂದಿತು. ಅದಕ್ಕೆ ಕಬ್ಬಿಣದ ಡ್ರಮ್ಮು ಬೇಕಿತ್ತು. ಬೆಲೆ ಜಾಸ್ತಿ, ತುಕ್ಕಿನ ಕಾಟ ಬೇರೆ. 1984ರಲ್ಲಿ ಬಂದ ದೀನಬಂಧು ಮಾದರಿಗೆ ಡ್ರಮ್ಮು ಬೇಡ. ಇಟ್ಟಿಗೆ, ಸಿಮೆಂಟು, ಕೈಪಳಗಿದ ಗಾರೆಯವರು ಸಾಕು. ಇಟ್ಟಿಗೆ, ಹೆಂಚಿಗೆ ಹೆಸರಾದ ಮಾಲೂರಿನ ಸೀಮೆಗೆ ಇದು ಸಲೀಸು. ಹಾಲಿನ ಸೀಮೆಯಾದ್ದರಿಂದ ಸಗಣಿಯೂ ಇತ್ತು.

ನಮ್ಮ ರಾಜ್ಯದಲ್ಲೇ ಇನ್ನೊಂದು ಪಾಠವೂ ನಡೆಯಿತು. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಇಡೀ ಊರಿಗೊಂದು ಸ್ಥಾವರ ಕಟ್ಟಿದರು. ಎಲ್ಲರ ಅಡುಗೆಗೆ ಆಗುವಷ್ಟು ಸಗಣಿ ಸಿಗಲಿಲ್ಲ. ಆಗ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, 1987ರಿಂದ ಮನೆಗಳಿಗೆ ದೀಪ, ಆಮೇಲೆ ಕುಡಿಯುವ ನೀರು ಕೊಟ್ಟರು. ಸಗಣಿ ಕೊಟ್ಟವರಿಗೆ ಬಗ್ಗಡ ವಾಪಸ್ ಸಿಗುತ್ತಿತ್ತು.

ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಬಾಗೇಪಲ್ಲಿಯ ಕೂಲಿ ಸಂಘ 5,500 ಮನೆಗಳಿಗೆ ಗೋಬರ್ ಗ್ಯಾಸ್ ಕಟ್ಟಿಸುವ ಯೋಜನೆ ಹಾಕಿತು. ಸೌದೆ, ಸೀಮೆಎಣ್ಣೆ ಉಳಿತಾಯವಾದ ಲೆಕ್ಕಕ್ಕೆ ಹೊರದೇಶದವರಿಂದ ಹಣ ಬರುವ ಕಾರ್ಬನ್ ಕ್ರೆಡಿಟ್ ಯೋಜನೆಯಾಗಿ 2005ರಲ್ಲಿ ಅದು ನೋಂದಣಿಯಾಯಿತು. ಕೋಲಾರದ ಎಸ್‌ಕೆಜಿ ಸಂಘ ಗ್ಯಾಸಿನ ಗುಂಡಿಯ ಪಕ್ಕದಲ್ಲೇ ಎರೆಗೊಬ್ಬರದ ತೊಟ್ಟಿ ಕಟ್ಟಿಸಿತು. ಒಲೆಯ ಜೊತೆಗೆ ಹೆಣ್ಣುಮಕ್ಕಳ ಕೈಗೆ ಗೊಬ್ಬರದ ಕಾಸೂ ಬರುವ ದಾರಿ ಅದು. 2007ರಲ್ಲಿ ಇಂಗ್ಲೆಂಡಿನ ಆಶ್ಡೆನ್ ಪ್ರಶಸ್ತಿ ಆ ಸಂಘಕ್ಕೆ ಸಿಕ್ಕಿತು.

ಹಾಗಿದ್ದರೂ ಎಷ್ಟೋ ಗುಮ್ಮಟಗಳು ಯಾಕೆ ನಿಂತವು? ಎರಡು ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ, ಅಷ್ಟೇ ನೀರು ಬೇಕು. ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆಯಲ್ಲಿ ಬೋರ್‌ವೆಲ್ ಒಣಗಿದಾಗ ಎರಡು ಬಿಂದಿಗೆ ನೀರೂ ಭಾರ. ಹಸು ಮಾರಿದ ಮನೆಯಲ್ಲಿ ಸಗಣಿಯೇ ಇಲ್ಲ. ಅಷ್ಟರಲ್ಲಿ ಸಿಲಿಂಡರ್ ಬಂತು.

ಸಿಲಿಂಡರ್ ತಪ್ಪಲ್ಲ. ಆದರೆ ಅದು ಹೊಲಕ್ಕೆ ಗೊಬ್ಬರ ಕೊಡುವುದಿಲ್ಲ. ಬಗ್ಗಡ ರಾಗಿಗೂ ಆಗುತ್ತದೆ, ಹಿಪ್ಪುನೇರಳೆಗೂ ಆಗುತ್ತದೆ. ನಿಮ್ಮ ಮನೆಯಲ್ಲಿ ನಾಲ್ಕು ಹಸುವಿದ್ದು, ಗುಮ್ಮಟ ಸುಮ್ಮನೆ ಬಿದ್ದಿದ್ದರೆ, ಮೇಲಿನ ಸೌದೆ ತೆಗೆದು ಒಮ್ಮೆ ನೋಡಿಸಿ. ಬಿರುಕು ಬಿಟ್ಟಿದೆಯೇ, ಪೈಪಿನಲ್ಲಿ ನೀರು ನಿಂತಿದೆಯೇ? ಕೆಟ್ಟಿರುವುದು ಅಷ್ಟೇ ಆಗಿದ್ದರೆ, ಒಲೆ ಮತ್ತೆ ಹೊತ್ತಿಕೊಳ್ಳುತ್ತದೆ.