ತಟ್ಟೆಯೋ, ನಡಿಗೆಯೋ? ತಳಕು ಸೀಮೆಯ ಊಟ ಮತ್ತು ದುಡಿಮೆಯ ಚರಿತ್ರೆ



ಮೈತೂಕ ಇಳಿಸಬೇಕಾದರೆ ಊಟ ಕಡಿಮೆ ಮಾಡಬೇಕೋ, ವ್ಯಾಯಾಮ ಮಾಡಬೇಕೋ? ಈ ಪ್ರಶ್ನೆ ಈಗ ಬೆಂಗಳೂರಿನ ಬಡಾವಣೆಗಳಲ್ಲಿ ಮಾತ್ರ ಉಳಿದಿಲ್ಲ. ಚಳ್ಳಕೆರೆ ತಾಲ್ಲೂಕಿನ ತಳಕು ಹೋಬಳಿಯಲ್ಲೂ ಕೇಳಿಬರುತ್ತಿದೆ. ತಳಕು ಎಂದರೆ ನಿಮ್ಮಲ್ಲಿ ಹಲವರಿಗೆ ತಳುಕಿನ ವೆಂಕಣ್ಣಯ್ಯನವರು, ತ.ರಾ.ಸು. ಅವರು ನೆನಪಾಗಬಹುದು. ಸಾಹಿತ್ಯಕ್ಕೆ ಹೆಸರಾದ ಆ ಊರಿನ ಹೊಟ್ಟೆಯ ಚರಿತ್ರೆಯನ್ನು ಕೇಳುವವರು ಕಡಿಮೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ನೂರೈವತ್ತು ವರ್ಷಗಳ ಹಿಂದೆ ಇಲ್ಲಿ ಯಾರಾದರೂ ತೂಕ ಇಳಿಸುವ ಉಪಾಯ ಕೇಳಿದ್ದರೆ ಜನ ಅವನ ಮುಖವನ್ನೇ ನೋಡುತ್ತಿದ್ದರು. ಆ ಕಾಲದ ಚಿಂತೆ ಇದಕ್ಕೆ ತೀರ ವಿರುದ್ಧವಾದದ್ದು.

1876ರಿಂದ 1878ರವರೆಗಿನ ಮಹಾಕ್ಷಾಮವನ್ನು ನೆನಪಿಗೆ ತಂದುಕೊಳ್ಳಿ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಇದ್ದದ್ದು, 1881ರ ಗಣತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಚಿತ್ರದುರ್ಗ ಜಿಲ್ಲೆಯ ಪಕ್ಕದ ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಕ್ಷಾಮದ ಪೆಟ್ಟು ಅಲ್ಲಿ ಬಹಳ ಜೋರಾಗಿ ಬಿದ್ದಿತು. ಆ ಪ್ರಾಂತ್ಯದಲ್ಲಿ ಸರ್ಕಾರ ಕ್ಷಾಮ ಕಾಮಗಾರಿಗಳನ್ನು ತೆರೆದು, ದುಡಿದವರಿಗೆ ಮಾತ್ರ ಕೂಲಿ ಎಂದಿತು. ಕೂಲಿ ಎಷ್ಟಿರಬೇಕು? 1877ರಲ್ಲಿ ಕ್ಷಾಮ ನಿರ್ವಹಣೆಗೆಂದು ಬಂದ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ದಿನವಿಡೀ ದುಡಿಯುವ ಗಂಡಸಿಗೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯ, ಜೊತೆಗೆ ಒಂದು ಆಣೆ ಸಾಕೆಂದು ಗೊತ್ತುಮಾಡಿದ. ಮದ್ರಾಸಿನ ನೈರ್ಮಲ್ಯ ಕಮಿಷನರ್ ಡಾ. ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು. ಕನಿಷ್ಠ ಒಂದೂವರೆ ಪೌಂಡು ಧಾನ್ಯ ಬೇಕು, ಅದರ ಜೊತೆಗೆ ಬೇಳೆ ತರಕಾರಿಯೂ ಬೇಕು ಎಂಬುದು ಅವರ ವಾದ. ಕೊನೆಗೆ ಮದ್ರಾಸ್ ಸರ್ಕಾರ ಎರಡರ ನಡುವಿನ ಒಂದು ಅಳತೆಗೆ ಬಂದು, ಸ್ವಲ್ಪ ಬೇಳೆಯನ್ನೂ ಸೇರಿಸಿತು.

ಕೆಲೊರಿ ಎಂಬ ಮಾತು ಆಗ ನಮ್ಮ ಕಡೆ ಯಾರ ಬಾಯಲ್ಲೂ ಇರಲಿಲ್ಲ. ಇಂದಿನ ಲೆಕ್ಕದಲ್ಲಿ 450 ಗ್ರಾಂ ಧಾನ್ಯವೆಂದರೆ ಸುಮಾರು 1,500ರಿಂದ 1,600 ಕೆಲೊರಿ. ಕುಳಿತು ಕೆಲಸ ಮಾಡುವ ಗಂಡಸಿಗೇ ದಿನಕ್ಕೆ 2,110 ಕೆಲೊರಿ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಮಣ್ಣು ಅಗೆದು ಕಲ್ಲು ಹೊರುವವನ ಗತಿ ಏನಾಗಿರಬೇಕೆಂದು ನೀವೇ ಊಹಿಸಿ. ಊಟ ಕಡಿತ, ದುಡಿಮೆ ವಿಪರೀತ, ಈ ಎರಡೂ ಸೇರಿದರೆ ತೂಕ ಇಳಿಯುವುದು ಖಂಡಿತ ಎಂಬುದಕ್ಕೆ ನಮ್ಮ ನೆಲದ ಚರಿತ್ರೆಯಲ್ಲಿ ಇಂಥ ಘೋರ ಸಾಕ್ಷಿ ಇದೆ. ನಮ್ಮ ಅಜ್ಜ ಮುತ್ತಜ್ಜಂದಿರು ತೆಳ್ಳಗೆ ಗಟ್ಟಿಯಾಗಿದ್ದರು ಎಂದು ಹೆಮ್ಮೆಯಿಂದ ಹೇಳಿಕೊಳ್ಳುವಾಗ ಅವರಲ್ಲಿ ಎಷ್ಟೋ ಜನ ತೆಳ್ಳಗಿದ್ದದ್ದು ಹಸಿವಿನಿಂದ ಎಂಬುದನ್ನು ಮರೆಯಬಾರದು.

ಕ್ಷಾಮವಿಲ್ಲದ ವರ್ಷಗಳಲ್ಲಿ ಈ ಸೀಮೆಯ ಊಟ ಯಾವುದು? ರಾಗಿ ಮುದ್ದೆ, ನವಣೆ ಅನ್ನ, ಸಾಮೆ ಅನ್ನ, ಹುರುಳಿ ಸಾರು, ಸೊಪ್ಪಿನ ಸಾರು. ನೆಲ್ಲಕ್ಕಿಯ ಅನ್ನ ಹಬ್ಬಕ್ಕೆ, ಮದುವೆಗೆ, ನೆಂಟರು ಬಂದಾಗ. ಮುದ್ದೆ ಚಿಕ್ಕದೇನೂ ಇರುತ್ತಿರಲಿಲ್ಲ. ಆದರೆ ಅದನ್ನು ಕರಗಿಸುವ ದುಡಿಮೆಯೂ ಅಷ್ಟೇ ಇತ್ತು. ನೇಗಿಲು, ಕುಂಟೆ, ಕೂರಿಗೆಯ ಹಿಂದೆ ನಡೆಯುವುದು, ಕಪಿಲೆ ಹೊಡೆಯುವುದು, ಕುರಿಮಂದೆಯ ಹಿಂದೆ ಕಾವಲುಗಳಲ್ಲಿ ದಿನಗಟ್ಟಲೆ ಅಲೆಯುವುದು. ಹೆಂಗಸರ ದುಡಿಮೆಯನ್ನಂತೂ ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ. ಕೋಳಿ ಕೂಗುವ ಮೊದಲೇ ಎದ್ದು ರಾಗಿ ಬೀಸಿ, ಒನಕೆಯಲ್ಲಿ ನವಣೆ ಕುಟ್ಟಿ, ಬಾವಿಯಿಂದ ನೀರು ಸೇದಿ ಹೊತ್ತು ತಂದು, ಆಮೇಲೆ ಕಳೆ ತೆಗೆಯಲು ಹೊಲಕ್ಕೆ ಹೋಗುತ್ತಿದ್ದರು. ಮೇಲೆ ಹೇಳಿದ ಮಂಡಳಿಯ ಪ್ರಕಾರ ಕಠಿಣ ದುಡಿಮೆಯ ಗಂಡಸಿಗೆ 3,470 ಕೆಲೊರಿ, ಹೆಂಗಸಿಗೆ 2,720 ಕೆಲೊರಿ ಬೇಕು. ಕುಳಿತು ಕೆಲಸ ಮಾಡುವ ಹೆಂಗಸಿಗಾದರೆ 1,660 ಸಾಕು. ಹೊಲದಿಂದ ಕುರ್ಚಿಗೆ ಬಂದ ಮನುಷ್ಯನ ಊಟ ಮಾತ್ರ ಹೊಲದಲ್ಲಿದ್ದಷ್ಟೇ ಉಳಿದರೆ ದಿನಕ್ಕೆ ಸಾವಿರಕ್ಕೂ ಮಿಕ್ಕಿದ ಕೆಲೊರಿ ಮೈಯಲ್ಲಿ ಉಳಿಯಿತು ಎಂದೇ ಲೆಕ್ಕ.

ಹಾಗೆಯೇ ಆಯಿತು. ಹಿಟ್ಟಿನ ಗಿರಣಿ, ಕೊಳವೆ ಬಾವಿ, ಟ್ರ್ಯಾಕ್ಟರ್, ಮಿಕ್ಸಿ, ಮೋಟಾರ್ ಸೈಕಲ್ ಒಂದರ ಹಿಂದೆ ಒಂದು ಬಂದವು. ಹೊಲದಲ್ಲಿ ನವಣೆ, ಸಾಮೆ ಹಿಂದೆ ಸರಿದು ಶೇಂಗಾ ಮುಂದೆ ಬಂತು. ಎಣ್ಣೆ ಮಿಲ್ಲುಗಳಿಂದಾಗಿ ಚಳ್ಳಕೆರೆಗೆ ಎಣ್ಣೆ ನಗರ ಎಂಬ ಹೆಸರೇ ಬಂತು. ನ್ಯಾಯಬೆಲೆ ಅಂಗಡಿಯ ಅಕ್ಕಿ ಬಂತು. 2013ರಲ್ಲಿ ಅನ್ನಭಾಗ್ಯ ಯೋಜನೆ ಬಂದ ಮೇಲೆ ಬಡವರ ಮನೆಯಲ್ಲೂ ದಿನವೂ ಅನ್ನ ಬೇಯುವಂತಾಯಿತು. ಇದರಲ್ಲಿ ಯಾವುದನ್ನೂ ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಹಿಂದಿನ ಬೀಸುಕಲ್ಲೇ ಚೆನ್ನಾಗಿತ್ತು ಎಂದು ಭಾಷಣ ಮಾಡುವವರು ಒಂದು ವಾರ ಅದನ್ನು ತಿರುಗಿಸಿ ಬಂದು ಮಾತನಾಡಲಿ.

ಈಗ ಪ್ರಶ್ನೆಗೆ ಬರೋಣ. ಹಳೆಯ ವೈದ್ಯಗ್ರಂಥಗಳನ್ನು ನೋಡಿದರೆ ಉತ್ತರ ಎರಡು ತೆರನಾಗಿ ಕಾಣುತ್ತದೆ. ಯುನಾನಿ ಹಕೀಮರು ಶತಮಾನಗಳ ಕಾಲ ಪಾಠವಾಗಿ ಓದಿದ 'ಅಲ್-ಖಾನೂನ್ ಫಿತ್ತಿಬ್' ಗ್ರಂಥದಲ್ಲಿ ಇಬ್ನ್ ಸೀನಾ (980–1037) ಆರೋಗ್ಯ ಕಾಪಾಡಿಕೊಳ್ಳುವ ಕ್ರಮ ಹೇಳುವಾಗ ವ್ಯಾಯಾಮವನ್ನು ಮೊದಲು ಇಟ್ಟು, ಆಮೇಲೆ ಆಹಾರ, ಆಮೇಲೆ ನಿದ್ರೆ ಎನ್ನುತ್ತಾರೆ. ಚರಕಸಂಹಿತೆ ಅತಿಸ್ಥೂಲರ ಚಿಕಿತ್ಸೆಯನ್ನು ಹೇಳುವಾಗ ಮೊದಲು ಆಹಾರಕ್ಕೆ ಕೈಹಾಕುತ್ತದೆ. ಜೀರ್ಣಕ್ಕೆ ಭಾರವಾಗಿದ್ದು ಪೋಷಣೆ ಕಡಿಮೆ ಇರುವ ಆಹಾರ ಕೊಡಬೇಕು ಎಂಬುದು ಅದರ ಸೂತ್ರ. ಅದು ಹೆಸರಿಸುವ ಧಾನ್ಯಗಳಲ್ಲಿ ನವಣೆ, ಸಾಮೆಯ ಜಾತಿಯ ಧಾನ್ಯ, ಹಾರಕ, ಹೆಸರು, ಹುರುಳಿ ಇವೆ. ತಳಕಿನ ಹೊಲದ ಬೆಳೆಗಳ ಪಟ್ಟಿಯನ್ನೇ ಓದಿದಂತಿದೆ! ವ್ಯಾಯಾಮವನ್ನೂ ಚರಕ ಬಿಟ್ಟಿಲ್ಲ. ಆದರೆ ಅದನ್ನು ಕ್ರಮಕ್ರಮವಾಗಿ ಹೆಚ್ಚಿಸಿಕೊಂಡು ಹೋಗಬೇಕು ಎನ್ನುತ್ತದೆ.

ಈ ಎರಡು ಗ್ರಂಥಗಳಿಗೆ ಜಗಳ ಹಚ್ಚಬೇಕಾಗಿಲ್ಲ. ಇಬ್ನ್ ಸೀನಾ ಹೇಳುತ್ತಿರುವುದು ಆರೋಗ್ಯ ಉಳಿಸಿಕೊಳ್ಳುವ ಮಾತು, ಚರಕ ಹೇಳುತ್ತಿರುವುದು ಕೂಡಿಕೊಂಡ ಬೊಜ್ಜನ್ನು ಇಳಿಸುವ ಮಾತು. ಪ್ರಶ್ನೆಗಳು ಬೇರೆ, ಆದ್ದರಿಂದ ಉತ್ತರದ ಕ್ರಮವೂ ಬೇರೆ. ನಮ್ಮ ಗೊಂದಲವೆಲ್ಲ ಈ ಎರಡು ಪ್ರಶ್ನೆಗಳನ್ನು ಒಂದೇ ಎಂದುಕೊಳ್ಳುವುದರಿಂದ ಹುಟ್ಟಿದೆ. ನಮ್ಮೂರುಗಳ ಗರಡಿಮನೆಗಳೇ ಇದಕ್ಕೆ ಉದಾಹರಣೆ. ಹಿಂದೂ ಮುಸ್ಲಿಮರೆನ್ನದೆ ಹುಡುಗರು ಒಟ್ಟಿಗೆ ಸಾಮು ಮಾಡುತ್ತಿದ್ದ ಗರಡಿಗಳಲ್ಲಿ ಪೈಲ್ವಾನರು ಸಾವಿರ ದಂಡೆ ಬಸ್ಕಿ ಹೊಡೆದರೂ ಸಣ್ಣಗಾಗುತ್ತಿರಲಿಲ್ಲ. ಹಾಲು, ಬಾದಾಮಿ, ತುಪ್ಪ ಅಷ್ಟೇ ಧಾರಾಳವಾಗಿ ಒಳಗೆ ಹೋಗುತ್ತಿತ್ತು. ಕುಸ್ತಿ ಬಿಟ್ಟು ಊಟ ಬಿಡದ ಪೈಲ್ವಾನನ ಹೊಟ್ಟೆಯನ್ನು ನೀವೂ ಕಂಡಿರಬಹುದು.

ಆಧುನಿಕ ವಿಜ್ಞಾನ ಈ ಎರಡು ಪ್ರಶ್ನೆಗಳನ್ನು ಬಿಡಿಸಿಕೊಳ್ಳಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತೆಗೆದುಕೊಂಡಿತು. 1953ರಲ್ಲಿ ಲಂಡನ್ನಿನ ವೈದ್ಯ ಜೆರಿ ಮಾರಿಸ್ ಅಲ್ಲಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯ ಅಧ್ಯಯನ ಪ್ರಕಟಿಸಿದರು. ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗಿಂತ ಕುಳಿತೇ ಇರುವ ಡ್ರೈವರುಗಳಲ್ಲಿ ಹೃದಯಾಘಾತ ಹೆಚ್ಚಾಗಿತ್ತು. ಮುಂದೆ ಅವರು ಸಮವಸ್ತ್ರ ಹೊಲಿಸಿದ ಲೆಕ್ಕದಿಂದ ಸೊಂಟದ ಅಳತೆಗಳನ್ನು ತೆಗೆದರು. ಡ್ರೈವರುಗಳ ಸೊಂಟ ದಪ್ಪವೇನೋ ಸರಿ, ಆದರೆ ಕಿರಿಯ ವಯಸ್ಸಿನ ಡ್ರೈವರುಗಳಲ್ಲೂ ಅದು ದಪ್ಪವಾಗಿಯೇ ಇತ್ತು! ಬರೀ ಕುಳಿತದ್ದರಿಂದಲೇ ದಪ್ಪಗಾದರು ಎನ್ನಲು ಬರುವಂತಿರಲಿಲ್ಲ. 1956ರಲ್ಲಿ ಜೀನ್ ಮೇಯರ್ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಪಶ್ಚಿಮ ಬಂಗಾಳದ ಒಂದು ಸೆಣಬಿನ ಗಿರಣಿಯ ಇನ್ನೂರಕ್ಕೂ ಹೆಚ್ಚು ಜನರ ಊಟ, ಕೆಲಸ, ತೂಕಗಳನ್ನು ಅಳೆದರು. ಅಂಗಡಿಯಲ್ಲಿ ಕುಳಿತವರು, ಗುಮಾಸ್ತರು, ಹೊರೆ ಹೊರುವವರು ಎಲ್ಲ ಅದರಲ್ಲಿದ್ದರು. ಹೆಚ್ಚು ದುಡಿದವರು ಹೆಚ್ಚು ತಿನ್ನುತ್ತಿದ್ದರು, ಅದು ನಿರೀಕ್ಷಿತ. ಆದರೆ ದುಡಿಮೆ ತೀರಾ ಕಡಿಮೆಯಾದ ಕಡೆ ಊಟ ಇಳಿಯುವ ಬದಲು ಮತ್ತೆ ಏರಿತ್ತು. ಅಂಥವರೇ ಹೆಚ್ಚು ತೂಕದವರೂ ಆಗಿದ್ದರು. ಮೈ ಸ್ವಲ್ಪವಾದರೂ ಅಲುಗಾಡದಿದ್ದರೆ ಹಸಿವಿಗೆ ಅಳತೆಯೇ ತಪ್ಪುತ್ತದೆ ಎಂದು ಅವರು ತಿಳಿದರು.

ನೇರ ಹೋಲಿಕೆ ಬೇಕೆಂದರೆ 2012ರಲ್ಲಿ ಅಮೆರಿಕದಿಂದ ಪ್ರಕಟವಾದ ಒಂದು ಪ್ರಯೋಗವಿದೆ. ಮುಟ್ಟು ನಿಂತ, ತೂಕ ಹೆಚ್ಚಿದ್ದ 439 ಮಹಿಳೆಯರನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿ ಒಂದು ವರ್ಷ ನೋಡಿದರು. ಊಟವನ್ನು ಮಾತ್ರ ಹಿಡಿತಕ್ಕೆ ತಂದವರ ತೂಕ ಸರಾಸರಿ ಶೇ. 8.5 ಇಳಿಯಿತು. ವಾರದಲ್ಲಿ 5 ದಿನ 45 ನಿಮಿಷದ ವ್ಯಾಯಾಮ ಮಾತ್ರ ಮಾಡಿದವರದು ಶೇ. 2.4. ಎರಡನ್ನೂ ಮಾಡಿದವರದು ಶೇ. 10.8. ಅಂದರೆ 80 ಕಿಲೋ ತೂಗುವವರಿಗೆ ಊಟದಿಂದ ಸುಮಾರು 7 ಕಿಲೋ, ವ್ಯಾಯಾಮದಿಂದ 2 ಕಿಲೋ.

ಇಷ್ಟು ಅಂತರ ಏಕೆ? ಚಳ್ಳಕೆರೆಯ ಶೇಂಗಾದಿಂದಲೇ ಲೆಕ್ಕ ಹಾಕೋಣ. ಒಂದು ಗಂಟೆ ಚುರುಕಾಗಿ ನಡೆದರೆ ಸುಮಾರು 250 ಕೆಲೊರಿ ಖರ್ಚಾಗುತ್ತದೆ. ನೂರು ಗ್ರಾಂ ಶೇಂಗಾ ಬೀಜದಲ್ಲಿ ಸುಮಾರು 570 ಕೆಲೊರಿ. ನಡೆದು ಬಂದು ಮಾತಿಗೆ ಕುಳಿತು ಒಂದೂವರೆ ಹಿಡಿ ಬೀಜ ಬಾಯಿಗೆ ಹಾಕಿಕೊಂಡರೆ ಗಂಟೆಯ ನಡಿಗೆ ಅಲ್ಲಿಗೆ ಮುಗಿಯಿತು. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120 ಕೆಲೊರಿ ಇದೆ. ನಮ್ಮ ಬಿರಿಯಾನಿ, ಕುರ್ಮಾ, ಮಿರ್ಚಿ ಬಜ್ಜಿಗಳಲ್ಲಿ ಎಷ್ಟು ಚಮಚ ಹೋಗುತ್ತದೆಂದು ಒಲೆಯ ಮುಂದೆ ನಿಂತವರಿಗೆ ಗೊತ್ತು. ತಿನ್ನದೆ ಉಳಿಸುವುದಕ್ಕೆ ಅರೆಗಳಿಗೆ ಸಾಕು, ತಿಂದದ್ದನ್ನು ಕರಗಿಸುವುದಕ್ಕೆ ಗಂಟೆಗಳು ಬೇಕು. ಸಿರಿಧಾನ್ಯದ ವಿಷಯದಲ್ಲೂ ಈ ಲೆಕ್ಕ ಬಿಡುವುದಿಲ್ಲ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 355 ಕೆಲೊರಿ ಇದ್ದರೆ ರಾಗಿಯಲ್ಲಿ 320. ನಾರು ಹೆಚ್ಚಾದ್ದರಿಂದ ಹೊಟ್ಟೆ ತುಂಬಿದಂತಿರುತ್ತದೆ, ಅದು ನಿಜವಾದ ಲಾಭ. ಆದರೆ ಅನ್ನ ಬಿಟ್ಟು ಎರಡು ಮುದ್ದೆ ಉಂಡರೆ ತೂಕ ತಾನಾಗಿ ಇಳಿಯುವುದಿಲ್ಲ. ರೋಜಾ ತಿಂಗಳಲ್ಲೂ ಬಹಳ ಜನರಿಗೆ ಒಂದು ಕಿಲೋದಷ್ಟು ಇಳಿದು, ಈದ್ ಕಳೆದ ಕೆಲವೇ ವಾರಗಳಲ್ಲಿ ಮರಳುತ್ತದೆ. ಉಪವಾಸದ ಉದ್ದೇಶ ತೂಕವಲ್ಲ ಎಂಬುದು ಬೇರೆ ಮಾತು.

ಹಾಗಾದರೆ ನಡಿಗೆ ವ್ಯರ್ಥವೇ? ಇಲ್ಲಿ ಇಬ್ನ್ ಸೀನಾ ಗೆಲ್ಲುತ್ತಾರೆ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರಿದ್ದರು. ನಡಿಗೆಯನ್ನೂ ಮಿತವಾದ ಊಟವನ್ನೂ ರೂಢಿಸಿಕೊಂಡ ಗುಂಪಿನಲ್ಲಿ ಕಾಯಿಲೆ ಬರುವ ಸಂಭವ ಶೇ. 28.5ರಷ್ಟು ತಗ್ಗಿತು. ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ! ತಕ್ಕಡಿ ತೋರಿಸದ ಲಾಭ ರಕ್ತದಲ್ಲಿ ಕಂಡಿತು. ಅಮೆರಿಕದಲ್ಲಿ 1994ರಿಂದ, 13 ಕಿಲೋಗಿಂತ ಹೆಚ್ಚು ಇಳಿಸಿ ವರ್ಷಕ್ಕೂ ಮೇಲ್ಪಟ್ಟು ಉಳಿಸಿಕೊಂಡವರ ದಾಖಲೆ ಇಡುತ್ತಿದ್ದಾರೆ. ಅವರಲ್ಲಿ ಬಹುಪಾಲು ಜನ ದಿನಕ್ಕೆ ಸುಮಾರು ಒಂದು ಗಂಟೆ ಮೈ ದಂಡಿಸುವವರು. ಇಳಿಸುವುದು ತಟ್ಟೆ, ಇಳಿದದ್ದನ್ನು ಮತ್ತೆ ಏರದಂತೆ ಕಾಯುವುದು ನಡಿಗೆ.

ನಮ್ಮವರಿಗೆ ಇದು ಹೊರಗಿನವರಿಗಿಂತ ಹೆಚ್ಚು ಅಗತ್ಯ. ಭಾರತೀಯರಲ್ಲಿ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಕಾಣುವುದರಿಂದ ದೇಹತೂಕದ ಸೂಚ್ಯಂಕ 25 ಅಲ್ಲ, 23 ದಾಟಿದರೇ ಎಚ್ಚರ ಬೇಕೆಂದು ನಮ್ಮ ದೇಶದ ತಜ್ಞರು 2009ರಲ್ಲಿ ಒಮ್ಮತಕ್ಕೆ ಬಂದರು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿರಬೇಕು. ಇದರ ಬೇರು ಹಸಿವಿನ ದಿನಗಳಲ್ಲೂ ಇರಬಹುದು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಬರೆದಿಟ್ಟ ಹೆರಿಗೆ ಪುಸ್ತಕಗಳನ್ನು ಹಿಡಿದು, ಹಾಗೆ ಹುಟ್ಟಿದವರನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡುಬಂತು. ಈ ಫಲಿತಾಂಶ ಹೊರಬಂದದ್ದು 1996ರಲ್ಲಿ.

ವಿದ್ಯಾರ್ಥಿನಿಯರಿಗೆ ಇಲ್ಲಿ ಬೇರೆಯೇ ಮಾತು ಹೇಳಬೇಕಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 30 ಜನರ ತೂಕ ಹೆಚ್ಚು. ಅದೇ ಸಮೀಕ್ಷೆಯಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಹಿಳೆಯರಿಗೆ ರಕ್ತಹೀನತೆ. ಒಂದೇ ಮನೆಯಲ್ಲಿ ತಾಯಿಗೆ ಬೊಜ್ಜು, ಮಗಳಿಗೆ ರಕ್ತಹೀನತೆ ಇರಬಹುದು. ಸಣ್ಣಗಿರುವ ಹುಡುಗಿ ಗೆಳತಿಯರನ್ನು ನೋಡಿ ಬೆಳಗಿನ ತಿಂಡಿ ಬಿಡುವುದು ಶುದ್ಧ ಅನ್ಯಾಯ. ಸಕ್ಕರೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರೂ ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬಾರದು. ಸಕ್ಕರೆ ತಟ್ಟನೆ ಕುಸಿದು ಪ್ರಾಣಕ್ಕೆ ಬರಬಹುದು.

ಉಳಿದವರು ತೂಕ ಇಳಿಸಬೇಕಾಗಿದ್ದರೆ ಮುದ್ದೆಯ ಗಾತ್ರ ಅರ್ಧ ಮಾಡಿ ಸೊಪ್ಪು, ಕಾಳಿನ ಸಾರನ್ನು ಎರಡರಷ್ಟು ಮಾಡಲಿ. ತಿಂಗಳಿಗೆ ಮನೆಗೆ ಬರುವ ಎಣ್ಣೆಯನ್ನು ತಲೆಗೆ ಅರ್ಧ ಲೀಟರಿನೊಳಗೆ ಅಳೆದು ತರಲಿ. ನಡಿಗೆಗೆ ನಮ್ಮ ಸೀಮೆಯ ಬಿಸಿಲು ಬೆಳಗಿನ ಹೊತ್ತನ್ನು ಮಾತ್ರ ಬಿಟ್ಟುಕೊಡುತ್ತದೆ. ಗಂಡಸರು ಫಜರ್ ನಮಾಜಿನ ನಂತರ ಹಾಗೆಯೇ ಬಳ್ಳಾರಿ ರಸ್ತೆಯಲ್ಲಿ ನಡೆದು ಬರಬಲ್ಲರು. ಅಷ್ಟು ಹೊತ್ತಿಗೆ ಹೆಂಗಸರು ಒಲೆಯ ಮುಂದೆ ಇರುತ್ತಾರೆ, ಲಾರಿಗಳು ಓಡುವ ರಸ್ತೆ ಅವರಿಗೆ ಅನುಕೂಲವೂ ಅಲ್ಲ. ಸಂಜೆ ಮಕ್ಕಳು ಹೋದ ಮೇಲೆ ಶಾಲೆಯ ಮೈದಾನದ ಗೇಟನ್ನು ಒಂದು ಗಂಟೆ ಅವರಿಗಾಗಿ ತೆರೆದಿಡುವುದಕ್ಕೆ ಕಾಸು ಬೇಕಾಗಿಲ್ಲ. ಬೀಗದ ಕೈ ಯಾರ ಬಳಿ ಇದೆಯೋ ಅವರನ್ನು ಒಮ್ಮೆ ಕೇಳಿ ನೋಡಿ.